ಮಜ್ದಾ ಕಾಸ್ಮೊ ಸ್ಪೋರ್ಟ್

ಮಜ್ದಾ ಕಾಸ್ಮೊ ಸ್ಪೋರ್ಟ್ ಜಪಾನಿನ ಹಿರೋಶಿಮಾ ನಗರದ ಟೋಯೊ ಕೋಗ್ಯೊ ಸಂಸ್ಥೆಯು (ಇಂದಿನ ಮಜ್ದಾ) 1967ರ ಮೇ ತಿಂಗಳಿನಿಂದ 1972ರ ಸೆಪ್ಟೆಂಬರ್‌ವರೆಗೆ ತಯಾರಿಸಿದ, ಎರಡು ಆಸನಗಳ ಕ್ರೀಡಾ ಕಾರು. ಎರಡು ರೋಟರುಗಳುಳ್ಳ ರೋಟರಿ ಎಂಜಿನ್ನನ್ನು ಅಳವಡಿಸಿ ಸಾರ್ವಜನಿಕರಿಗೆ ಮಾರಲಾದ ಜಗತ್ತಿನ ಮೊದಲ ಕಾರು ಇದೇ. ಜಪಾನಿನ ಹೊರಗೆ ಇದನ್ನು ಮಜ್ದಾ 110ಎಸ್ ಎಂಬ ಹೆಸರಿನಿಂದ ಕರೆಯಲಾಯಿತು. ಒಟ್ಟು 1,176 ಕಾರುಗಳು ತಯಾರಾದವು. ಅವುಗಳಲ್ಲಿ 343 ಮೊದಲ ಸರಣಿಗೂ (ಎಲ್10ಎ) 833 ಎರಡನೆಯ ಸರಣಿಗೂ (ಎಲ್10ಬಿ) ಸೇರಿವೆ. ಎರಡೂ ಸರಣಿಗಳು ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಚಕ್ರಾಂತರ, ಗೇರ್ ಪೆಟ್ಟಿಗೆ, ಬ್ರೇಕ್ ಮತ್ತು ಎಂಜಿನ್ ಸಾಮರ್ಥ್ಯಗಳಲ್ಲಿ ಗಣನೀಯವಾದ ವ್ಯತ್ಯಾಸಗಳಿವೆ.

ಹಿನ್ನೆಲೆ

ಟೋಯೊ ಕೋಗ್ಯೊ ಸಂಸ್ಥೆಯು 1920ರಲ್ಲಿ ಬಿರಡೆ ತೊಗಟೆಯ (ಕಾರ್ಕ್) ಉತ್ಪನ್ನಗಳ ಕಾರ್ಖಾನೆಯಾಗಿ ಆರಂಭವಾಯಿತು. 1931ರಲ್ಲಿ ಅದು ಮೂರು ಚಕ್ರದ ಸರಕು ವಾಹನಗಳನ್ನು ತಯಾರಿಸತೊಡಗಿತು. ಮುಂದಿನ ಮೂರು ದಶಕಗಳ ಕಾಲ ಅದರ ಹೆಸರು ಈ ವಾಹನಗಳೊಂದಿಗೇ ಬೆಸೆದುಕೊಂಡಿತ್ತು. ಸಂಸ್ಥೆಯ ಮೊದಲ ಪ್ರಯಾಣಿಕ ಕಾರಾದ ಆರ್360 ಕೂಪೆ ಹೊರಬಂದುದು 1960ರಲ್ಲಿ.

ಅದೇ ಹೊತ್ತಿಗೆ ಜಪಾನಿನ ವಾಹನೋದ್ಯಮವು ಒಂದು ಕವಲುದಾರಿಯಲ್ಲಿತ್ತು. ವಿದೇಶಿ ಕಾರುಗಳ ಆಮದಿನ ಮೇಲಿನ ನಿರ್ಬಂಧವನ್ನು ಸಡಿಲಿಸುವ ಕಾಲ ಹತ್ತಿರವಾಗುತ್ತಿದ್ದುದರಿಂದ, ಚಿಕ್ಕಪುಟ್ಟ ತಯಾರಕರು ಅದಕ್ಕೆ ಮುನ್ನ ದೊಡ್ಡ ಸಂಸ್ಥೆಗಳೊಡನೆ ಒಗ್ಗೂಡಬೇಕೆಂಬುದು ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯದ ಆಲೋಚನೆಯಾಗಿತ್ತು. ಇದಕ್ಕಾಗಿ ರೂಪಿಸಿದ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾಗಲಿಲ್ಲವಾದರೂ ವಿಲೀನದ ಒತ್ತಡ ಮಾತ್ರ ನಿಲ್ಲಲಿಲ್ಲ. ಪ್ರಿನ್ಸ್ ಸಂಸ್ಥೆಯು 1966ರಲ್ಲಿ ನಿಸ್ಸಾನ್ ಸಂಸ್ಥೆಯಲ್ಲಿ ಸೇರಿಹೋದುದು ಈ ಕಾಲದ ಪ್ರಮುಖ ಉದಾಹರಣೆ. ಸಂಸ್ಥೆಯು ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕಾದರೆ ಬೇರೆ ಯಾರ ಬಳಿಯೂ ಇಲ್ಲದ ತಂತ್ರಜ್ಞಾನವೊಂದು ತನ್ನಲ್ಲಿರಬೇಕು ಎಂದು ಟೋಯೊ ಕೋಗ್ಯೊದ ಅಂದಿನ ಅಧ್ಯಕ್ಷ ತ್ಸುನೆಜಿ ಮತ್ಸುದಾ ಭಾವಿಸಿದರು. ಅವರು ಆರಿಸಿಕೊಂಡುದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿ, ಎನ್‌ಎಸ್‌ಯು ಸಂಸ್ಥೆಯು ಅಭಿವೃದ್ಧಿಪಡಿಸುತ್ತಿದ್ದ ರೋಟರಿ ಎಂಜಿನ್ನನ್ನು. 1960ರಲ್ಲಿ ಎನ್‌ಎಸ್‌ಯು ಜೊತೆ ಪ್ರಾಥಮಿಕ ಒಪ್ಪಂದವಾಗಿ, 1961ರಲ್ಲಿ ಜಪಾನ್ ಸರ್ಕಾರದ ಅನುಮತಿ ದೊರೆಯಿತು.

ಎಂಜಿನ್ನಿನ ತತ್ತ್ವ

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ. ಆ ಚಲನೆಯನ್ನು ಕ್ರ್ಯಾಂಕ್ ದಂಡವು ತಿರುಗುವ ಚಲನೆಯಾಗಿ ಮಾರ್ಪಡಿಸುತ್ತದೆ. ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್ನಿನ ಬದಲು, ಉಬ್ಬಿದ ಬದಿಗಳುಳ್ಳ ತ್ರಿಕೋನಾಕಾರದ ರೋಟರ್ ಇರುತ್ತದೆ. ನಡುವೆ ತುಸು ಕಿರಿದಾದ, ಅಂಡಾಕಾರವನ್ನು ಹೋಲುವ ಕೋಶದೊಳಗೆ ಅದು ಸುತ್ತುತ್ತದೆ. ರೋಟರಿನ ಮೂರು ತುದಿಗಳೂ ಸದಾ ಕೋಶದ ಗೋಡೆಯನ್ನು ತಾಕುತ್ತಿರುವುದರಿಂದ ಒಳಗೆ ಮೂರು ಪ್ರತ್ಯೇಕ ಕೋಣೆಗಳಾಗುತ್ತವೆ. ರೋಟರ್ ತಿರುಗಿದಂತೆ ಈ ಕೋಣೆಗಳು ಹಿಗ್ಗುತ್ತಲೂ ಕುಗ್ಗುತ್ತಲೂ ಇರುತ್ತವೆ. ಇಂಧನವನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರಹಾಕುವುದು ಎಂಬ ನಾಲ್ಕು ಕ್ರಿಯೆಗಳೂ ಹೀಗೆಯೇ ನಡೆಯುತ್ತವೆ.

ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಎಂಜಿನ್ನಿನ ದಂಡವು ಮೂರು ಸುತ್ತು ತಿರುಗಿರುತ್ತದೆ. ಆದ್ದರಿಂದ ದಂಡದ ಪ್ರತಿಯೊಂದು ಸುತ್ತಿಗೂ ಒಂದು ರೋಟರಿನಿಂದ ಒಂದು ಉರಿಯುವಿಕೆ ದೊರೆಯುತ್ತದೆ. ಎರಡು ರೋಟರುಗಳಿದ್ದರೆ ಸುತ್ತಿಗೆ ಎರಡು. ಇದು ನಾಲ್ಕು ಸಿಲಿಂಡರುಗಳ ಸಾಮಾನ್ಯ ಎಂಜಿನ್ನಿಗೆ ಸಮ. ಕವಾಟಗಳಾಗಲಿ ಮೇಲೆ ಕೆಳಗೆ ಬಡಿಯುವ ಭಾಗಗಳಾಗಲಿ ಇಲ್ಲದಿರುವುದರಿಂದ ಎಂಜಿನ್ ಚಿಕ್ಕದಾಗಿಯೂ ಹಗುರವಾಗಿಯೂ ಇರುತ್ತದೆ, ನಯವಾಗಿ ಓಡುತ್ತದೆ. ತತ್ತ್ವ ಇಷ್ಟು ಸರಳವಾಗಿದ್ದರೂ ಅದನ್ನು ಸಾವಿರಾರು ಗಂಟೆಗಳ ಕಾಲ ಕೆಡದೆ ಓಡುವಂತೆ ಮಾಡುವುದು ಬೇರೆಯೇ ಮಾತಾಗಿತ್ತು.

ದೆವ್ವದ ಉಗುರಿನ ಗುರುತುಗಳು

1963ರ ಏಪ್ರಿಲ್‌ನಲ್ಲಿ ಟೋಯೊ ಕೋಗ್ಯೊದಲ್ಲಿ ರೋಟರಿ ಎಂಜಿನ್ ಸಂಶೋಧನಾ ವಿಭಾಗ ಸ್ಥಾಪನೆಯಾಯಿತು. ಕೆನಿಚಿ ಯಾಮಾಮೊಟೊ ಅದರ ಮುಖ್ಯಸ್ಥರಾದರು. ಅವರೂ ಸೇರಿದಂತೆ ವಿಭಾಗದಲ್ಲಿದ್ದ 47 ಮಂದಿ ಎಂಜಿನಿಯರುಗಳನ್ನು, ಸತ್ತ ಒಡೆಯನ ಮಾನಕ್ಕಾಗಿ ಪ್ರಾಣ ತೆತ್ತ 47 ಸಮುರಾಯಿಗಳ ಜಪಾನೀ ಇತಿಹಾಸ ಕಥನವನ್ನು ನೆನೆದು, ‘ರೋಟರಿಯ 47 ಸಮುರಾಯಿಗಳು’ ಎಂದು ಕರೆಯುವುದು ವಾಡಿಕೆಯಾಯಿತು.

ಅವರ ಮುಂದಿದ್ದ ಅತಿ ದೊಡ್ಡ ತೊಡಕು ಕೋಶದ ಒಳಗೋಡೆಯ ಮೇಲೆ ಮೂಡುತ್ತಿದ್ದ ಅಲೆಯಂಥ ಗೀರುಗಳು. ರೋಟರಿನ ತುದಿಗಳಲ್ಲಿ ಕೂರಿಸುವ ಅಪೆಕ್ಸ್ ಸೀಲ್ ಎಂಬ ಪಟ್ಟಿಗಳು ಗೋಡೆಯ ಮೇಲೆ ಸಮನಾಗಿ ಜಾರದೆ, ತಮ್ಮ ಸಹಜ ಕಂಪನದಿಂದಾಗಿ ಅದುರುತ್ತಾ ಸಾಗಿ ಗೋಡೆಯನ್ನು ಕೆರೆಯುತ್ತಿದ್ದವು. ಈ ಗೀರುಗಳನ್ನು ಎಂಜಿನಿಯರುಗಳು ‘ದೆವ್ವದ ಉಗುರಿನ ಗುರುತುಗಳು’ ಎಂದು ಕರೆದರು. ಗೀರು ಬಿದ್ದ ಎಂಜಿನ್ನಿನ ಬಾಳಿಕೆ ಅಲ್ಲಿಗೆ ಮುಗಿದಂತೆಯೇ.

ಲೋಹದ ಪಟ್ಟಿಯ ತುದಿಯ ಸಮೀಪ ಉದ್ದಕ್ಕೂ ಅಡ್ಡಕ್ಕೂ ರಂಧ್ರಗಳನ್ನು ಕೊರೆದು ಅದರ ಕಂಪನದ ಆವರ್ತನವನ್ನು ಬದಲಿಸಿದಾಗ ಗೀರುಗಳು ನಿಂತವು. ಸಮಸ್ಯೆಯ ಮೂಲ ಕಂಪನವೇ ಎಂಬುದು ಇದರಿಂದ ದೃಢವಾಯಿತು. ಆದರೆ ಮಾರಾಟದ ಕಾರುಗಳಿಗೆ ಆರಿಸಿಕೊಂಡುದು ಬೇರೊಂದು ಪರಿಹಾರವನ್ನು: ಅಲ್ಯೂಮಿನಿಯಮ್ಮನ್ನು ಒಳಗೊಳಿಸಿದ ಇಂಗಾಲದ ಪಟ್ಟಿ. ಅದು ಗಟ್ಟಿಯಾಗಿಯೂ ಇತ್ತು, ತಾನೇ ಜಾರುವ ಗುಣವನ್ನೂ ಪಡೆದಿತ್ತು. ಎಂಜಿನ್ ಎಣ್ಣೆಯು ಕೋಣೆಯೊಳಗೆ ಸೋರಿ ದಟ್ಟ ಬಿಳಿ ಹೊಗೆಯೇಳುತ್ತಿದ್ದ ದೋಷವನ್ನು ಹೊಸ ಎಣ್ಣೆತಡೆ ಪಟ್ಟಿಗಳಿಂದ ನಿವಾರಿಸಲಾಯಿತು. ನಿಧಾನ ವೇಗದಲ್ಲಿ ಎಂಜಿನ್ ನಡುಗುತ್ತಿದ್ದುದಕ್ಕೆ ಎರಡು ಪರಿಹಾರಗಳು ಒಟ್ಟಿಗೆ ಬಂದವು: ಒಂದರ ಬದಲು ಎರಡು ರೋಟರುಗಳು, ಇಂಧನ ಮಿಶ್ರಣದ ದ್ವಾರವನ್ನು ಕೋಶದ ಸುತ್ತುಗೋಡೆಯ ಬದಲು ಬದಿಯ ಫಲಕದಲ್ಲಿ ಇರಿಸುವುದು.

ಪ್ರದರ್ಶನದಿಂದ ಮಾರಾಟದವರೆಗೆ

1963ರ ಟೋಕಿಯೊ ಮೋಟಾರು ಪ್ರದರ್ಶನದಲ್ಲಿ ಟೋಯೊ ಕೋಗ್ಯೊ ತನ್ನ ರೋಟರಿ ಎಂಜಿನ್ನುಗಳನ್ನು ಮಾತ್ರ ತೋರಿಸಿತು. ಮರುವರ್ಷದ ಪ್ರದರ್ಶನದಲ್ಲಿ ಕಾಸ್ಮೊ ಕಾರಿನ ಮಾದರಿಯೇ ಕಾಣಿಸಿಕೊಂಡಿತು. ಹೇಜಿ ಕೋಬಯಾಶಿ ವಿನ್ಯಾಸಗೊಳಿಸಿದ ಅದರ ತಗ್ಗಾದ, ಉದ್ದನೆಯ ಆಕೃತಿ ಅಂದಿನ ಜಪಾನಿನ ರಸ್ತೆಗಳಲ್ಲಿದ್ದ ಯಾವ ಕಾರನ್ನೂ ಹೋಲುತ್ತಿರಲಿಲ್ಲ. ಎಂಜಿನ್ ಚಿಕ್ಕದಾಗಿದ್ದುದರಿಂದಲೇ ಮುಂಭಾಗವನ್ನು ಅಷ್ಟು ತಗ್ಗಿಸಲು ಸಾಧ್ಯವಾಗಿತ್ತು. ‘ಕಾಸ್ಮೊ’ ಎಂಬ ಹೆಸರು ಬಾಹ್ಯಾಕಾಶ ಯಾನದ ಆ ದಶಕದ ಉತ್ಸಾಹವನ್ನು ಸೂಚಿಸುತ್ತದೆ.

ಪ್ರದರ್ಶನದಲ್ಲಿ ಮೆಚ್ಚುಗೆ ದೊರೆತರೂ ಸಂಸ್ಥೆಯು ಮಾರಾಟಕ್ಕೆ ಆತುರಪಡಲಿಲ್ಲ. 1965 ಮತ್ತು 1966ರಲ್ಲಿ 60 ಪರೀಕ್ಷಾ ಕಾರುಗಳನ್ನು ದೇಶದ ವಿವಿಧೆಡೆಯ ಮಾರಾಟಗಾರರಿಗೆ ಕೊಟ್ಟು, ನಿತ್ಯದ ರಸ್ತೆಗಳಲ್ಲಿ ಓಡಿಸಿ ನೋಡಲಾಯಿತು. ಹೊಸ ಬಗೆಯ ಎಂಜಿನ್ನನ್ನು ಮೊದಲು ಮಾರುಕಟ್ಟೆಗೆ ತಂದ ಎನ್‌ಎಸ್‌ಯು ಸಂಸ್ಥೆಯ ಅನುಭವದೊಡನೆ ಹೋಲಿಸಿದರೆ ಈ ಎಚ್ಚರಿಕೆಯ ಮಹತ್ತ್ವ ತಿಳಿಯುತ್ತದೆ. ಕಾಸ್ಮೊ 1967ರ ಮೇ 30ರಂದು ಮಾರಾಟಕ್ಕೆ ಬಂದಿತು.

ಮೊದಲ ಸರಣಿ: ಎಲ್10ಎ (1967–1968)

ಮೊದಲ ಸರಣಿಯ ಕಾರುಗಳಲ್ಲಿ 10ಎ ಎಂಬ ಸಂಕೇತದ ಎಂಜಿನ್ ಇತ್ತು. ಒಂದೊಂದು ರೋಟರಿನ ಕೋಣೆಯ ಗಾತ್ರ 491 ಘನ ಸೆಂಟಿಮೀಟರ್. ಎರಡೂ ಸೇರಿ 982. ಇಷ್ಟು ಚಿಕ್ಕ ಗಾತ್ರದಿಂದ ನಿಮಿಷಕ್ಕೆ 7,000 ಸುತ್ತುಗಳ ವೇಗದಲ್ಲಿ 110 ಅಶ್ವಶಕ್ತಿ ದೊರೆಯುತ್ತಿತ್ತು. ರಫ್ತು ಹೆಸರಿನಲ್ಲಿರುವ 110 ಎಂಬ ಸಂಖ್ಯೆ ಇದನ್ನೇ ಸೂಚಿಸುತ್ತದೆ. ಪ್ರತಿಯೊಂದು ರೋಟರಿಗೂ ಎರಡು ಸ್ಪಾರ್ಕ್ ಪ್ಲಗ್‌ಗಳಿದ್ದವು. ಉದ್ದವಾಗಿ ಹರಡಿಕೊಳ್ಳುವ ಕೋಣೆಯಲ್ಲಿ ಇಂಧನವು ಪೂರ್ಣವಾಗಿ ಉರಿಯಲು ಇದು ಅಗತ್ಯವಾಗಿತ್ತು. ಎಂಜಿನ್ನಿನ ಬದಿಯ ಫಲಕಗಳು ಅಲ್ಯೂಮಿನಿಯಮ್ಮಿನವು. ಸವೆತವನ್ನು ತಡೆಯಲು ಅವುಗಳ ಮೇಲೆ ಉಕ್ಕನ್ನು ಕರಗಿಸಿ ಸಿಂಪಡಿಸಲಾಗಿತ್ತು. ಇದು ದುಬಾರಿಯಾದ ವಿಧಾನ. ಅಗ್ಗದ ಕಾರುಗಳಿಗೆಂದು ಮುಂದೆ ರೂಪಿಸಿದ 10ಎ ಎಂಜಿನ್ನಿನಲ್ಲಿ ಇದರ ಬದಲು ಎರಕದ ಕಬ್ಬಿಣದ ಫಲಕಗಳು ಬಂದವು.

ಗೇರ್ ಪೆಟ್ಟಿಗೆಯಲ್ಲಿ ಮುನ್ನಡೆಗೆ ನಾಲ್ಕು ಗೇರುಗಳಿದ್ದವು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್. ಹಿಂಬದಿಯ ಅಚ್ಚು ಡಿ ಡಿಯಾನ್ ಬಗೆಯದು. ಅದಕ್ಕೆ ಪಟ್ಟೆ ಸ್ಪ್ರಿಂಗುಗಳ ಆಧಾರವಿತ್ತು. ಚಕ್ರಾಂತರ, ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 2,200 ಮಿಲಿಮೀಟರ್. ಕಾರಿನ ಉದ್ದಕ್ಕೆ ಹೋಲಿಸಿದರೆ ಇದು ಕಡಿಮೆ. ಆದ್ದರಿಂದ ಹಿಂಭಾಗವು ಚಕ್ರಗಳಾಚೆಗೆ ಬಹಳಷ್ಟು ಚಾಚಿಕೊಂಡಂತೆ ಕಾಣುತ್ತದೆ. ಕಾರಿನ ಬೆಲೆ 14.8 ಲಕ್ಷ ಯೆನ್.

ಎರಡನೆಯ ಸರಣಿ: ಎಲ್10ಬಿ (1968–1972)

1968ರ ಜುಲೈಯಲ್ಲಿ ಸುಧಾರಿತ ಸರಣಿ ಹೊರಬಂದಿತು. ಅದರ ಬದಲಾವಣೆಗಳು ಹೀಗಿವೆ.

ಚಕ್ರಾಂತರವು 150 ಮಿಲಿಮೀಟರ್ ಹೆಚ್ಚಿ 2,350 ಮಿಲಿಮೀಟರ್ ಆಯಿತು. ಕಾರಿನ ಒಟ್ಟು ಉದ್ದ ಮಾತ್ರ ಹೆಚ್ಚಲಿಲ್ಲ. ಬದಲಿಗೆ 10 ಮಿಲಿಮೀಟರ್ ಕಡಿಮೆಯಾಯಿತು. ಚಕ್ರಗಳು ದೇಹದ ತುದಿಗಳತ್ತ ಸರಿದುದರಿಂದ ಹೆಚ್ಚಿನ ವೇಗದಲ್ಲಿ ಕಾರಿನ ಸ್ಥಿರತೆ ಸುಧಾರಿಸಿತು. ಆಸನಗಳ ಹಿಂದೆ ಸ್ಥಳವೂ ದೊರೆಯಿತು.

ಇಂಧನ ಮಿಶ್ರಣದ ದ್ವಾರಗಳ ತೆರೆದು ಮುಚ್ಚುವ ಹೊತ್ತನ್ನು ಬದಲಿಸಿದುದರಿಂದ ಎಂಜಿನ್ನಿನ ಸಾಮರ್ಥ್ಯವು 128 ಅಶ್ವಶಕ್ತಿಗೆ ಏರಿತು. ಎಂಜಿನ್ನಿನ ಗಾತ್ರ ಹಿಂದಿನಷ್ಟೇ ಉಳಿದು ಸಾಮರ್ಥ್ಯ ಮಾತ್ರ ಶೇ. 16ರಷ್ಟು ಹೆಚ್ಚಿದಂತಾಯಿತು.

ನಾಲ್ಕರ ಬದಲು ಐದು ಗೇರುಗಳ ಪೆಟ್ಟಿಗೆ ಬಂದಿತು. ಬ್ರೇಕಿಗೆ ನೆರವು ನೀಡುವ ಸರ್ವೊ ಉಪಕರಣ ಸೇರಿತು. ಚಕ್ರಗಳ ವ್ಯಾಸ 14 ಅಂಗುಲದಿಂದ 15 ಅಂಗುಲಕ್ಕೆ ಹೆಚ್ಚಿ, ರೇಡಿಯಲ್ ಟೈರುಗಳು ಬಂದವು.

ಮುಂದಿನ ಬಂಪರಿನ ಕೆಳಗಿರುವ ಗಾಳಿಯ ಬಾಯಿ ದೊಡ್ಡದಾಯಿತು. ಅದರ ಎರಡು ಬದಿಗಳಲ್ಲಿ ಹೆಚ್ಚುವರಿ ಗಾಳಿಕಂಡಿಗಳು ಮೂಡಿದವು. ಬೆಲೆಯು 15.8 ಲಕ್ಷ ಯೆನ್ ಆಯಿತು.

ಎರಡು ಸರಣಿಗಳ ಹೋಲಿಕೆ

| ವಿವರ | ಮೊದಲ ಸರಣಿ (ಎಲ್10ಎ) | ಎರಡನೆಯ ಸರಣಿ (ಎಲ್10ಬಿ) |
|---|---|---|
| ತಯಾರಿಕೆಯ ಅವಧಿ | 1967 ಮೇ – 1968 ಜುಲೈ | 1968 ಜುಲೈ – 1972 ಸೆಪ್ಟೆಂಬರ್ |
| ಕಾರುಗಳ ಸಂಖ್ಯೆ | 343 | 833 |
| ಎಂಜಿನ್ ಗಾತ್ರ | 982 ಘ.ಸೆಂ.ಮೀ. | 982 ಘ.ಸೆಂ.ಮೀ. |
| ಗರಿಷ್ಠ ಸಾಮರ್ಥ್ಯ | 110 ಅಶ್ವಶಕ್ತಿ | 128 ಅಶ್ವಶಕ್ತಿ |
| ಗೇರುಗಳು | 4 | 5 |
| ಚಕ್ರಾಂತರ | 2,200 ಮಿ.ಮೀ. | 2,350 ಮಿ.ಮೀ. |
| ಉದ್ದ | 4,140 ಮಿ.ಮೀ. | 4,130 ಮಿ.ಮೀ. |
| ಅಗಲ | 1,595 ಮಿ.ಮೀ. | 1,595 ಮಿ.ಮೀ. |
| ಎತ್ತರ | 1,165 ಮಿ.ಮೀ. | 1,165 ಮಿ.ಮೀ. |
| ತೂಕ | 940 ಕಿ.ಗ್ರಾಂ. | 960 ಕಿ.ಗ್ರಾಂ. |
| ಚಕ್ರದ ವ್ಯಾಸ | 14 ಅಂಗುಲ | 15 ಅಂಗುಲ |
| ಗರಿಷ್ಠ ವೇಗ | ಗಂಟೆಗೆ 185 ಕಿ.ಮೀ. | ಗಂಟೆಗೆ 200 ಕಿ.ಮೀ. |
| ನಿಂತಲ್ಲಿಂದ 400 ಮೀ. ಕ್ರಮಿಸಲು | 16.3 ಸೆಕೆಂಡು | 15.8 ಸೆಕೆಂಡು |
| ಜಪಾನಿನಲ್ಲಿ ಬೆಲೆ | 14.8 ಲಕ್ಷ ಯೆನ್ | 15.8 ಲಕ್ಷ ಯೆನ್ |

ತೂಕವು 20 ಕಿಲೋಗ್ರಾಂ ಹೆಚ್ಚಿದ್ದರೂ, ಒಂದು ಅಶ್ವಶಕ್ತಿಯ ಪಾಲಿಗೆ ಬೀಳುವ ತೂಕ ಮೊದಲ ಸರಣಿಯಲ್ಲಿ ಸುಮಾರು 8.5 ಕಿಲೋಗ್ರಾಂ ಇದ್ದುದು ಎರಡನೆಯದರಲ್ಲಿ 7.5ಕ್ಕೆ ಇಳಿಯಿತು. ಗರಿಷ್ಠ ವೇಗದಲ್ಲಿ ಕಾಣುವ 15 ಕಿಲೋಮೀಟರುಗಳ ಹೆಚ್ಚಳಕ್ಕೆ ಈ ಇಳಿಕೆಯೊಂದಿಗೆ ಐದನೆಯ ಗೇರೂ ಕಾರಣ.

ತಯಾರಿಕೆಯ ಸಂಖ್ಯೆಗಳು

ಕಾಸ್ಮೊ ಕಾರುಗಳನ್ನು ಬಹುಪಾಲು ಕೈಯಿಂದಲೇ ಜೋಡಿಸಲಾಗುತ್ತಿತ್ತು. ದಿನಕ್ಕೆ ಸುಮಾರು ಒಂದು ಕಾರು ಸಿದ್ಧವಾಗುತ್ತಿತ್ತು. ಮೊದಲ ಸರಣಿಯ 343 ಕಾರುಗಳನ್ನು ಸುಮಾರು 14 ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 24ರ ಆಸುಪಾಸು ಬರುತ್ತದೆ. ಕೆಲಸದ ದಿನಗಳ ಲೆಕ್ಕದಲ್ಲಿ ಇದು ದಿನಕ್ಕೊಂದು ಎಂಬ ಮಾತಿಗೆ ಸರಿಹೊಂದುತ್ತದೆ. ಎರಡನೆಯ ಸರಣಿಯ 833 ಕಾರುಗಳು 50 ತಿಂಗಳುಗಳಲ್ಲಿ ತಯಾರಾದವು. ಅಂದರೆ ತಿಂಗಳಿಗೆ ಸರಾಸರಿ 17ಕ್ಕಿಂತ ಕಡಿಮೆ. ಸುಧಾರಿತ ಸರಣಿಯ ಒಟ್ಟು ಸಂಖ್ಯೆ ದೊಡ್ಡದಾದರೂ ಅದರ ತಯಾರಿಕೆಯ ವೇಗ ಮೊದಲಿಗಿಂತ ತಗ್ಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಈ ಇಳಿಕೆಗೆ ಕಾರಣವನ್ನು ಸಂಸ್ಥೆಯ ಇತರ ಕಾರುಗಳಲ್ಲಿ ಕಾಣಬಹುದು. 1968ರ ಜುಲೈಯಲ್ಲಿಯೇ ಟೋಯೊ ಕೋಗ್ಯೊ ಫಮಿಲಿಯಾ ರೋಟರಿ ಕೂಪೆಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿಯೂ 10ಎ ಎಂಜಿನ್ನಿತ್ತು, 100 ಅಶ್ವಶಕ್ತಿಯಿತ್ತು, ನಾಲ್ಕು ಮಂದಿ ಕುಳಿತುಕೊಳ್ಳಬಹುದಿತ್ತು. ಅದರ ಬೆಲೆ 7 ಲಕ್ಷ ಯೆನ್, ಎಂದರೆ ಕಾಸ್ಮೊದ ಬೆಲೆಯ ಅರ್ಧಕ್ಕೂ ಕಡಿಮೆ. ರೋಟರಿ ಎಂಜಿನ್ ಬೇಕೆನ್ನುವ ಸಾಮಾನ್ಯ ಗ್ರಾಹಕನು ಕಾಸ್ಮೊವನ್ನೇ ಕೊಳ್ಳಬೇಕಾದ ಅಗತ್ಯ ಅಲ್ಲಿಂದ ಮುಂದೆ ಇರಲಿಲ್ಲ. ಹೊಸ ಎಂಜಿನ್ ಓಡಬಲ್ಲದೆಂದು ಜಗತ್ತಿಗೆ ತೋರಿಸುವುದೇ ಕಾಸ್ಮೊದ ಮುಖ್ಯ ಕರ್ತವ್ಯವಾಗಿತ್ತು; ಲಾಭ ತರುವ ಹೊಣೆಯನ್ನು ಅದರ ಹಿಂದೆ ಬಂದ ಅಗ್ಗದ ಕಾರುಗಳು ಹೊತ್ತವು.

ಸಂಖ್ಯೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 1,176 ಎಂಬುದು ಎರಡೂ ಸರಣಿಗಳ ಒಟ್ಟು ಮೊತ್ತ. ಅದನ್ನು ಎರಡನೆಯ ಸರಣಿಯೊಂದರ ಸಂಖ್ಯೆಯೆಂದು ತಿಳಿದು ಮೊದಲ ಸರಣಿಯ 343ನ್ನು ಮತ್ತೆ ಕೂಡಿಸಿದರೆ 1,519 ಎಂಬ ತಪ್ಪು ಮೊತ್ತ ಬರುತ್ತದೆ. ತಯಾರಾದ ಪ್ರತಿ ಹತ್ತು ಕಾಸ್ಮೊಗಳಲ್ಲಿ ಸುಮಾರು ಮೂರು ಮಾತ್ರ ಮೊದಲ ಸರಣಿಯವಾದ್ದರಿಂದ ಸಂಗ್ರಾಹಕರು ಆ ಕಾರುಗಳನ್ನು ವಿಶೇಷವಾಗಿ ಅರಸುತ್ತಾರೆ.

ಸರಣಿಯನ್ನು ಗುರುತಿಸುವ ಬಗೆ

ಛಾಯಾಚಿತ್ರದಲ್ಲಿ ಕಂಡ ಕಾಸ್ಮೊ ಯಾವ ಸರಣಿಯದೆಂದು ತಿಳಿಯಲು ಮೊದಲು ಮುಂಭಾಗವನ್ನು ನೋಡಬೇಕು. ಬಂಪರಿನ ಕೆಳಗಿನ ಬಾಯಿ ಚಿಕ್ಕದಾಗಿದ್ದು, ಅದರ ಬದಿಗಳಲ್ಲಿ ಬೇರೆ ಕಂಡಿಗಳಿಲ್ಲದಿದ್ದರೆ ಅದು ಮೊದಲ ಸರಣಿಯ ಕಾರು. ಬಾಯಿ ಅಗಲವಾಗಿದ್ದು ಬದಿಗಳಲ್ಲಿ ಕಂಡಿಗಳಿದ್ದರೆ ಎರಡನೆಯದು. ಪಕ್ಕದಿಂದ ನೋಡುವಾಗ ಬಾಗಿಲಿನ ಹಿಂಬದಿಯ ಅಂಚಿಗೂ ಹಿಂದಿನ ಚಕ್ರದ ಕಮಾನಿಗೂ ನಡುವಿನ ಅಂತರವನ್ನು ಗಮನಿಸಬೇಕು. ಎರಡನೆಯ ಸರಣಿಯಲ್ಲಿ ಈ ಅಂತರ ಹೆಚ್ಚು. ಹಿಂದಿನ ದೀಪಗಳಿಂದ ಸರಣಿಯನ್ನು ನಿರ್ಣಯಿಸಲಾಗದು. ಬಂಪರಿನ ಮೇಲೊಂದು ಕೆಳಗೊಂದು ಎಂದು ಇಬ್ಭಾಗವಾಗಿರುವ ಈ ದೀಪಗಳು ಎರಡೂ ಸರಣಿಗಳಲ್ಲಿವೆ. ಕಪ್ಪು ಬಿಳುಪಿನ ಚೌಕಳಿ ಬಟ್ಟೆಯ ಆಸನಗಳೂ ಕಾಸ್ಮೊದ ಸಾಮಾನ್ಯ ಲಕ್ಷಣ.

ಸ್ಪರ್ಧೆಯಲ್ಲಿ

ರೋಟರಿ ಎಂಜಿನ್ ವೇಗವಾಗಿ ಓಡಬಲ್ಲದೆಂಬುದರ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಬಹುಕಾಲ ಓಡಬಲ್ಲದೇ ಎಂಬುದು ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಕೊಡಲು ಟೋಯೊ ಕೋಗ್ಯೊ ಆರಿಸಿಕೊಂಡ ಸ್ಪರ್ಧೆಯೇ ಅರ್ಥಪೂರ್ಣವಾಗಿದೆ. 1968ರ ಆಗಸ್ಟ್‌ನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ನಡೆದ ‘ಮ್ಯಾರಥಾನ್ ಡಿ ಲಾ ರೂಟ್’ 84 ಗಂಟೆಗಳ, ಎಂದರೆ ಮೂರೂವರೆ ದಿನಗಳ, ಸತತ ಓಟ. ಸಂಸ್ಥೆಯು ಎರಡು ಕಾಸ್ಮೊಗಳನ್ನು ಕಳುಹಿಸಿತು. ಒಂದರಲ್ಲಿ ಜಪಾನೀ ಚಾಲಕರು, ಇನ್ನೊಂದರಲ್ಲಿ ಬೆಲ್ಜಿಯಮ್ಮಿನ ಚಾಲಕರು.

ಮೊದಲ ಮೂರು ದಿನ ಎರಡು ಕಾರುಗಳೂ ಮುಂಚೂಣಿಯ ಗುಂಪಿನಲ್ಲಿಯೇ ಉಳಿದವು. 82ನೆಯ ಗಂಟೆಯಲ್ಲಿ ಜಪಾನೀ ತಂಡದ ಕಾರಿನ ಹಿಂಬದಿಯ ಅಚ್ಚು ಮುರಿದು ಅದು ಓಟದಿಂದ ಹೊರಬಿದ್ದಿತು. ಬೆಲ್ಜಿಯಮ್ಮಿನ ಚಾಲಕರ ಕಾರು ಓಟವನ್ನು ಪೂರೈಸಿ ನಾಲ್ಕನೆಯ ಸ್ಥಾನ ಗಳಿಸಿತು. ಸೋತ ಕಾರಿನಲ್ಲಿಯೂ ಕೈಕೊಟ್ಟದ್ದು ಅಚ್ಚೇ ಹೊರತು ಎಂಜಿನ್ನಲ್ಲ ಎಂಬುದು ಸಂಸ್ಥೆಯ ಪಾಲಿಗೆ ಮುಖ್ಯವಾಗಿತ್ತು. ರೋಟರಿ ಎಂಜಿನ್ನಿನ ಮಜ್ದಾ ಕಾರುಗಳ ಅಂತಾರಾಷ್ಟ್ರೀಯ ಸ್ಪರ್ಧೆಯ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ.

ಸಮಕಾಲೀನ ಕಾರುಗಳು

ರೋಟರಿ ಎಂಜಿನ್ನಿನಿಂದ ಓಡುವ ಕಾರನ್ನು ಜಗತ್ತಿನಲ್ಲಿ ಮೊದಲು ಮಾರಿದ ಕೀರ್ತಿ ಎನ್‌ಎಸ್‌ಯು ಸಂಸ್ಥೆಗೇ ಸಲ್ಲುತ್ತದೆ. ಅದರ ಸ್ಪೈಡರ್ ಎಂಬ ಚಿಕ್ಕ ಕಾರು 1964ರಲ್ಲಿ ಹೊರಬಂದಿತು. 1967ರವರೆಗೆ 2,375 ತಯಾರಾದವು. ಆದರೆ ಅದರಲ್ಲಿದ್ದುದು ಒಂದೇ ರೋಟರ್. ಎರಡು ರೋಟರುಗಳ ವಿಷಯದಲ್ಲಿ ಮಾತ್ರ ಕಾಸ್ಮೊ, ಎನ್‌ಎಸ್‌ಯುವಿನ ಆರ್‌ಓ 80 ಕಾರಿಗಿಂತ ಕೆಲವೇ ತಿಂಗಳು ಮೊದಲು ಮಾರುಕಟ್ಟೆ ತಲುಪಿತು.

ಈ ಎರಡು ಕಾರುಗಳ ದಾರಿ ಬೇರೆ ಬೇರೆಯಾಯಿತು. ಆರ್‌ಓ 80 ನಾಲ್ಕು ಬಾಗಿಲುಗಳ ಕುಟುಂಬದ ಕಾರು. 37,000ಕ್ಕೂ ಹೆಚ್ಚು ತಯಾರಾದವು. ಆರಂಭದ ಕಾರುಗಳಲ್ಲಿ ಅಪೆಕ್ಸ್ ಸೀಲುಗಳು ಬೇಗನೆ ಸವೆದುದರಿಂದ ಖಾತರಿಯ ಅವಧಿಯಲ್ಲಿಯೇ ಅಪಾರ ಸಂಖ್ಯೆಯ ಎಂಜಿನ್ನುಗಳನ್ನು ಬದಲಿಸಿಕೊಡಬೇಕಾಗಿ ಬಂದು, ಸಂಸ್ಥೆಯ ಆರ್ಥಿಕ ಸ್ಥಿತಿ ಹದಗೆಟ್ಟಿತು. 1969ರಲ್ಲಿ ಎನ್‌ಎಸ್‌ಯು, ಫೋಕ್ಸ್‌ವಾಗನ್ ಒಡೆತನದ ಆಡಿಯೊಂದಿಗೆ ವಿಲೀನವಾಯಿತು. ಟೋಯೊ ಕೋಗ್ಯೊ ಅದೇ ಎಂಜಿನ್ನನ್ನು ಮೊದಲು ಕೆಲವೇ ನೂರು ಕಾರುಗಳಲ್ಲಿ ಮಾರಿ, ಅನುಭವ ಗಳಿಸಿ, ಆಮೇಲೆ ಸಾವಿರಗಳ ಲೆಕ್ಕಕ್ಕೆ ಹೋಯಿತು. ಕಾಸ್ಮೊದ ಸಣ್ಣ ಸಂಖ್ಯೆ ಈ ದೃಷ್ಟಿಯಿಂದ ಸಂಸ್ಥೆಗೆ ರಕ್ಷಣೆಯಾಗಿ ಒದಗಿತು.

ಜಪಾನಿನಲ್ಲಿಯೇ ಇದರೊಡನೆ ಹೋಲಿಸಬಹುದಾದ ಕಾರು ಟೊಯೋಟಾ 2000ಜಿಟಿ. ಅದು ಮಾರಾಟಕ್ಕೆ ಬಂದುದೂ 1967ರ ಮೇ ತಿಂಗಳಿನಲ್ಲಿಯೇ. 23.8 ಲಕ್ಷ ಯೆನ್ ಬೆಲೆಯ ಆ ಕಾರು ಕಾಸ್ಮೊಗಿಂತಲೂ ವಿರಳವಾದುದು. ಜಪಾನೀ ಕಾರುಗಳು ಅಗ್ಗದ ವಾಹನಗಳು ಮಾತ್ರ ಎಂಬ ಅಂದಿನ ಅಭಿಪ್ರಾಯವನ್ನು ಬದಲಿಸುವುದರಲ್ಲಿ ಈ ಎರಡು ಕಾರುಗಳ ಪಾತ್ರ ದೊಡ್ಡದು.

ಪರಿಣಾಮ ಮತ್ತು ಪರಂಪರೆ

ಕಾಸ್ಮೊದ ತಯಾರಿಕೆ ನಿಲ್ಲುವ ಹೊತ್ತಿಗೆ ರೋಟರಿ ಎಂಜಿನ್ ಟೋಯೊ ಕೋಗ್ಯೊದ ಹಲವು ಕಾರುಗಳಲ್ಲಿ ಸೇರಿತ್ತು: 1969ರ ಲೂಚೆ ರೋಟರಿ ಕೂಪೆ, 1970ರ ಕಪೆಲ್ಲಾ, 1971ರ ಸವಾನ್ನಾ. ಎನ್‌ಎಸ್‌ಯುವಿನಿಂದ ಇದೇ ಎಂಜಿನ್ನಿನ ಹಕ್ಕು ಪಡೆದಿದ್ದ ಡೈಮ್ಲರ್-ಬೆಂಜ್, ರೋಲ್ಸ್-ರಾಯ್ಸ್, ಜನರಲ್ ಮೋಟಾರ್ಸ್, ನಿಸ್ಸಾನ್ ಮುಂತಾದ ದೊಡ್ಡ ಸಂಸ್ಥೆಗಳು ಕಾಲಕ್ರಮದಲ್ಲಿ ಅದನ್ನು ಕೈಬಿಟ್ಟವು. 1973ರ ತೈಲ ಬಿಕ್ಕಟ್ಟು ಹೆಚ್ಚು ಇಂಧನ ಬೇಡುವ ಈ ಎಂಜಿನ್ನಿಗೆ ಬಲವಾದ ಪೆಟ್ಟು ಕೊಟ್ಟಿತು. ಟೋಯೊ ಕೋಗ್ಯೊ ಕೂಡ ತೀವ್ರ ಸಂಕಷ್ಟಕ್ಕೆ ಸಿಲುಕಿ ತನ್ನ ಬ್ಯಾಂಕಿನ ನೆರವನ್ನು ಅವಲಂಬಿಸಬೇಕಾಯಿತು. 1979ರಲ್ಲಿ ಅಮೆರಿಕದ ಫೋರ್ಡ್ ಸಂಸ್ಥೆ ಅದರ ಕಾಲು ಭಾಗದಷ್ಟು ಷೇರುಗಳನ್ನು ಪಡೆಯಿತು. ಸ್ವಾತಂತ್ರ್ಯವನ್ನು ಉಳಿಸಲೆಂದು ತಂದ ಎಂಜಿನ್ನೇ ಹೀಗೆ ಒಂದು ಘಟ್ಟದಲ್ಲಿ ಸಂಸ್ಥೆಗೆ ಭಾರವಾಯಿತು.

ಆದರೂ ಸಂಸ್ಥೆಯು ಅದನ್ನು ಬಿಡಲಿಲ್ಲ. 1978ರಲ್ಲಿ ಬಂದ ಸವಾನ್ನಾ ಆರ್‌ಎಕ್ಸ್-7 ಲೋಕಪ್ರಿಯವಾಯಿತು. ರೋಟರಿ ವಿಭಾಗದ ಮೊದಲ ಮುಖ್ಯಸ್ಥರಾದ ಯಾಮಾಮೊಟೊ 1984ರಲ್ಲಿ ಸಂಸ್ಥೆಯ ಅಧ್ಯಕ್ಷರಾದರು. ಟೋಯೊ ಕೋಗ್ಯೊ ತನ್ನ ಹೆಸರನ್ನು ಮಜ್ದಾ ಎಂದು ಬದಲಿಸಿಕೊಂಡುದೂ ಅದೇ ವರ್ಷ. ನಾಲ್ಕು ರೋಟರುಗಳ 787ಬಿ ಕಾರು 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು. ಜಪಾನೀ ಸಂಸ್ಥೆಯೊಂದಕ್ಕೆ ಅಲ್ಲಿ ದೊರೆತ ಮೊದಲ ಜಯ ಅದು. ಆರ್‌ಎಕ್ಸ್-8 ಕಾರಿನ ತಯಾರಿಕೆ 2012ರಲ್ಲಿ ನಿಂತ ಮೇಲೆ ಕೆಲಕಾಲ ರೋಟರಿ ಎಂಜಿನ್ ಮಾರುಕಟ್ಟೆಯಿಂದ ಮರೆಯಾಗಿತ್ತು. 2023ರಲ್ಲಿ ಎಂಎಕ್ಸ್-30 ಕಾರಿನ ಒಂದು ಮಾದರಿಯಲ್ಲಿ, ವಿದ್ಯುತ್ ಉತ್ಪಾದಿಸುವ ಸಹಾಯಕ ಎಂಜಿನ್ನಾಗಿ, ಒಂದೇ ರೋಟರಿನೊಡನೆ ಅದು ಮರಳಿತು.

ಜಪಾನಿನ ಜನಮನದಲ್ಲಿ ಕಾಸ್ಮೊ ಉಳಿದಿರುವುದಕ್ಕೆ ದೂರದರ್ಶನವೂ ಒಂದು ಕಾರಣ. 1971ರಲ್ಲಿ ಆರಂಭವಾದ ‘ರಿಟರ್ನ್ ಆಫ್ ಅಲ್ಟ್ರಾಮನ್’ ಧಾರಾವಾಹಿಯಲ್ಲಿ ರಕ್ಷಣಾ ತಂಡದ ವಾಹನವಾಗಿ ಕಾಣಿಸಿಕೊಂಡ ಕಾರು ಇದೇ. ಹಿರೋಶಿಮಾದಲ್ಲಿರುವ ಮಜ್ದಾ ವಸ್ತುಸಂಗ್ರಹಾಲಯದಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಪ್ರದರ್ಶನಕ್ಕಿಡಲಾಗಿದೆ.